ಎರಡು ಸಲ ಊದಿದರೆ ಬಾ

ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡು, ಖಾರದ ಡಬ್ಬಿಗೆ ಎರಡು, ಸಕ್ಕರೆ ಡಬ್ಬಿಗೆ ಏನೂ ಇಲ್ಲ. ಚಪ್ಪಲಿ ಬಿಡುವುದು ಬಾಗಿಲಿನ ಎಡಕ್ಕೆ, ಗೋಡೆಗೆ ಒತ್ತಿ. ಯಾರಾದರೂ ಕುರ್ಚಿ ಎಳೆದುಕೊಂಡು ಕೂತರೆ ಏಳುವಾಗ ಅದನ್ನು ಮತ್ತೆ ಇದ್ದಲ್ಲೇ ಇಡಬೇಕು. ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲು ನನ್ನ ಹಣೆಗೆ ಬಡಿಯುತ್ತದೆ. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಈ ಕಟ್ಟಳೆಯನ್ನೆಲ್ಲ ಮಾಡಿದವರು ಅಪ್ಪ. ಬಂದ ನೆಂಟರು ಎರಡು ದಿನಕ್ಕೇ ಬೇಸತ್ತು, “ಇದೇನ್ರೀ, ಮನಿಯೋ ಮಿಲ್ಟ್ರಿಯೋ?” ಎಂದು ನಗುತ್ತಿದ್ದರು.

ಇದೇ ಮನೆಯಲ್ಲಿ, ಇದೇ ಕಟ್ಟಳೆಯೊಳಗೆ, ಅಪ್ಪ ತಮ್ಮ ಕಣ್ಣು ಕಳೆದುಕೊಂಡರು. ಎಲ್ಲ ಸಾಮಾನು ಇದ್ದಲ್ಲೇ ಇರುವ ಮನೆಯಲ್ಲಿ ಒಬ್ಬ ಮನುಷ್ಯನ ಕಣ್ಣು ಹೋಗುವುದು ಬೇಗ ಗೊತ್ತಾಗುವುದಿಲ್ಲ. ಅವರು ಎಡವಲಿಲ್ಲ, ತಡಕಾಡಲಿಲ್ಲ, ಚಹಾಕ್ಕೆ ಉಪ್ಪು ಹಾಕಿಕೊಳ್ಳಲಿಲ್ಲ. ನನಗಾಗಿ ಅವರು ಕಟ್ಟಿದ ಮನೆ ಅವರನ್ನು ಮುಚ್ಚಿಟ್ಟಿತು.

ಅಪ್ಪ ಹೋಗಿ ಒಂಬತ್ತು ತಿಂಗಳಾಯಿತು.

ಅವರು ರೈಲ್ವೆ ಗಾರ್ಡು. ರಾಯಚೂರಿನ ಕಡೆಯವರು. ಹುಡುಗನಾಗಿದ್ದಾಗ ಕಾಚಿಗೂಡದಲ್ಲಿ ಇಳಿದು, ಸಿಕಂದರಾಬಾದಿನಲ್ಲಿ ನೌಕರಿ ಹಿಡಿದರು. ನಿವೃತ್ತಿಯಾದ ಮೇಲೆ ತಾರ್ನಾಕದಲ್ಲಿ ಎರಡು ಕೋಣೆಯ ಮನೆ ಮಾಡಿದರು. ಕ್ವಾರ್ಟರ್ಸಿನಿಂದ ಆ ಮನೆಗೆ ಬಂದ ದಿನ, ಸಾಮಾನು ಬಿಚ್ಚುವ ಮೊದಲು ನನ್ನನ್ನು ನಿಲ್ಲಿಸಿ, “ನೀ ಹೇಳು, ಏನೇನು ಎಲ್ಲೆಲ್ಲಿ?” ಎಂದು ಕೇಳಿದ್ದರು.

ಅವರ ಜೇಬಿನಲ್ಲಿ ಸದಾ ಒಂದು ಸೀಟಿ ಇರುತ್ತಿತ್ತು. ಲೋಹದ್ದು, ಒಳಗೆ ಬಟಾಣಿಯಷ್ಟು ಗುಂಡು. ಅಪ್ಪನ ಸೀಟಿ ಮನೆಯಲ್ಲಿ ಕೆಲಸಕ್ಕೆ ಬಂದದ್ದು ನನಗಾಗಿ. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಬಾ. ಇಷ್ಟೇ ಭಾಷೆ. ಕೈ ಹಿಡಿದು ನಡೆಸುವುದನ್ನು ಅವರು ಬಹಳ ಬೇಗ ಬಿಟ್ಟರು. ಹತ್ತು ಹೆಜ್ಜೆ ಮುಂದೆ ಹೋಗಿ ನಿಂತು ಊದುತ್ತಿದ್ದರು, ನಾನು ಆ ಸದ್ದಿಗೆ ನಡೆಯುತ್ತಿದ್ದೆ.

ಒಂಬತ್ತು ವರ್ಷದವಳಿದ್ದಾಗ ರೈಲ್ವೆ ಮೈದಾನದಲ್ಲಿ ಸೈಕಲ್ ಕಲಿತದ್ದೂ ಹಾಗೆಯೇ. ಅವ್ವ ಮೈದಾನದ ಅಂಚಿನಲ್ಲಿ ನಿಂತು ಕೂಗಾಡುತ್ತಿದ್ದಳು.

“ಬಿದ್ದರ ಬೀಳಲಿ ಬಿಡು,” ಎಂದರು ಅಪ್ಪ. “ಕಣ್ಣಿದ್ದೋರು ಬೀಳಂಗಿಲ್ಲೇನು?”

“ಕಣ್ಣಿದ್ದೋರಿಗೆ ಎಲ್ಲಿ ಬೀಳಾಕತ್ತೀವಿ ಅನ್ನೂದರ ಗೊತ್ತಿರತೈತ್ರೀ!”

ನಾನು ಬಿದ್ದೆ. ಮೊಣಕಾಲಿಗೆ ಇವತ್ತೂ ಆ ಗುರುತಿದೆ. ಆದರೆ ಮೂರನೆಯ ವಾರಕ್ಕೆ ಎರಡು ಸೀಟಿಯ ಕಡೆಗೆ ಪೆಡಲು ತುಳಿದು, ಒಂದು ಸೀಟಿಗೆ ಬ್ರೇಕು ಹಾಕಿ ಕಾಲೂರಿದೆ. ಆಮೇಲೆ ಈಜು. ಕೊಳದ ಆ ತುದಿಯಲ್ಲಿ ಅಪ್ಪ ಸ್ಟೀಲಿನ ಟಿಫಿನ್ ಡಬ್ಬಿಯನ್ನು ಕಲ್ಲಿಗೆ ಬಡಿಯುತ್ತಿದ್ದರು, ಕಿವಿಗೆ ನೀರು ಹೊಕ್ಕರೂ ಆ ಸದ್ದು ಕೇಳುತ್ತಿತ್ತು. ನನಗೆ ಒಂದು ಕಚೇರಿಯಲ್ಲಿ ಟೆಲಿಫೋನು ಆಪರೇಟರ್ ಕೆಲಸ ಸಿಕ್ಕ ವರ್ಷ ಅವರು ಕಾಚಿಗೂಡದ ವೆಲ್ಡಿಂಗ್ ಅಂಗಡಿಯವನನ್ನು ಕಾಡಿ ಎರಡು ಹಳೆ ಸೈಕಲ್ಲುಗಳನ್ನು ಸೇರಿಸಿ ಒಂದು ಉದ್ದ ಸೈಕಲ್ ಮಾಡಿಸಿದರು. ಮುಂದೆ ಅಪ್ಪ, ಹಿಂದೆ ನಾನು. ಭಾನುವಾರ ಬೆಳಿಗ್ಗೆ ಅದರ ಮೇಲೆ ಜೋಳದ ಹಿಟ್ಟು ತರಲು ಕಾಚಿಗೂಡಕ್ಕೆ ಹೋದರೆ ಪಾನ್ ಅಂಗಡಿಯವನು ಕೂಗುತ್ತಿದ್ದ:

“ಕ್ಯಾ ಗಾರ್ಡ್ ಸಾಬ್, ಪೆಡಲ್ ಬೇಟಿ ಮಾರ್ ರೈ, ಹವಾ ಆಪ್ ಖಾ ರೈ!”

ತುಳಿಯುವುದು ಮಗಳು, ಗಾಳಿ ತಿನ್ನುವುದು ನೀವು ಎಂಬ ಅವನ ಮಾತು ಸುಳ್ಳಲ್ಲ. ಏರು ಬಂದಾಗ ಅಪ್ಪ ಮೆಲ್ಲಗೆ ಕಾಲು ಎತ್ತಿಬಿಡುತ್ತಿದ್ದರು. ಪೆಡಲು ಭಾರವಾದದ್ದರಿಂದ ನನಗೆ ಗೊತ್ತಾಗುತ್ತಿತ್ತು. “ಅಪ್ಪಾ, ತುಳೀರಿ!” ಎಂದರೆ, “ತುಳಿಯಾಕತ್ತೀನಿ, ಇದು ಭಾಳ ಏರು ಐತಿ,” ಎನ್ನುತ್ತಿದ್ದರು.

ಬೇರೆಯವರು ನನಗೆ ದಾರಿ ಹೇಳುತ್ತಾರೆ. ಎಡಕ್ಕೆ ತಿರುಗಿ, ಮೆಟ್ಟಿಲಿದೆ, ಜಾಗ್ರತೆ. ಅಪ್ಪ ನನಗೆ ಕೆಲಸಕ್ಕೆ ಬಾರದ್ದನ್ನೆಲ್ಲ ಹೇಳುತ್ತಿದ್ದರು. “ವೈರಿನ ಮ್ಯಾಲ ಹದ್ದು ಕುಂತೈತಿ, ನಮ್ಮ ಸಾಹೇಬನಂಗ ಮಾರಿ ಗಂಟು ಹಾಕ್ಕೊಂಡು.” “ಒಬ್ಬ ಸ್ಕೂಟರಿನ ಮ್ಯಾಲ ಕನ್ನಡಿ ಬೀರು ಕಟ್ಕೊಂಡು ಹೊಂಟಾನ, ಅದರಾಗ ಇಡೀ ಬಜಾರ ಹೊಂಟೈತಿ.” ಹಾಗಾಗಿ ನಾನು ಈ ಊರನ್ನು ನೋಡಿದ್ದೇನೆ ಎಂದೇ ಅಂದುಕೊಂಡಿದ್ದೆ.

ತಾರ್ನಾಕಕ್ಕೆ ಬಂದ ಮೇಲೆ ನಮಗೆ ಒಂದು ಬಂಡೆ ಸಿಕ್ಕಿತು. ಪಕ್ಕದ ವಿಶ್ವವಿದ್ಯಾಲಯದ ಆವರಣದಲ್ಲಿ, ಜನ ಬೆಳಿಗ್ಗೆ ತಿರುಗಾಡುವ ರಸ್ತೆಯಿಂದ ಸ್ವಲ್ಪ ಒಳಗೆ. ಆನೆಯ ಹಾಗಿದೆ ಎಂದು ಅಪ್ಪ ಆ ಬಂಡೆಗೆ ತಮ್ಮ ಕಡೆಯ ಮಾತಿನಲ್ಲಿ ಆನಿಬಂಡಿ ಎಂದು ಹೆಸರಿಟ್ಟರು. ಮುಂದಿನ ಮೈ ಇಳಿಜಾರು, ನಡುವೆ ನಾಲ್ಕು ಬೆರಳು ಹೋಗುವಷ್ಟು ಒಂದು ಬಿರುಕು. ನಾನು ಬರಿಗಾಲಿನಲ್ಲಿ ಆ ಬಿರುಕು ಹಿಡಿದು ಹತ್ತಬೇಕು. ಹಿಂಬದಿಗೆ ಎಂದೋ ಕಲ್ಲುಕುಟಿಗರು ಕಡಿದ ಮೂರು ಕಚ್ಚುಗಳಿದ್ದವು. ಅಪ್ಪ ಅಲ್ಲಿಂದ ಮೊದಲೇ ಹತ್ತಿ ನೆತ್ತಿಯ ಮೇಲೆ ನಿಂತು ಎರಡು ಸಲ ಊದುತ್ತಿದ್ದರು. ನಾನು ಮೇಲೆ ಮುಟ್ಟಿದಾಗ ಗಾಳಿ ಬದಲಾಗುತ್ತಿತ್ತು. ನೆತ್ತಿಯಲ್ಲಿ ಒಂದು ತಗ್ಗು, ಮಳೆಗಾಲದಲ್ಲಿ ಅದರಲ್ಲಿ ನೀರು. ಅದರ ಪಕ್ಕ ಕೂತು ಇಬ್ಬರೂ ಅವ್ವ ಕಟ್ಟಿಕೊಟ್ಟ ರೊಟ್ಟಿ ತಿನ್ನುತ್ತಿದ್ದೆವು. ಎಂಟು ವರ್ಷ ಹೆಚ್ಚುಕಡಿಮೆ ಪ್ರತಿ ಭಾನುವಾರ.

ಏನೋ ಆಗಿದೆ ಎಂದು ನನಗೆ ಮೊದಲು ಅನ್ನಿಸಿದ್ದು ಉದ್ದ ಸೈಕಲ್ಲಿನಿಂದ. ಅಪ್ಪ ಅದನ್ನು ಗೋಡೆಗೆ ಒರಗಿಸಿ, “ಚೈನು ಕೆಟ್ಟೈತಿ,” ಎಂದರು. ನಾನು ಮಧ್ಯಾಹ್ನ ಹೋಗಿ ಚೈನು ಮುಟ್ಟಿ ನೋಡಿದೆ. ಎಣ್ಣೆ ಹಚ್ಚಿದ್ದು, ಬಿಗಿಯಾಗಿತ್ತು. ನಾನು ಏನೂ ಕೇಳಲಿಲ್ಲ. ಆಮೇಲೆ ಪೇಪರು ಓದಿ ಹೇಳುವುದು ನಿಂತಿತು. “ಎಲ್ಲಾ ಅದ ಸುದ್ದಿ, ಏನ್ ಓದೂದು.” ನನ್ನ ಫೋನು ಗಟ್ಟಿಯಾಗಿ ಓದುವ ಸುದ್ದಿಯನ್ನು ಮಾತ್ರ ಹತ್ತಿರ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು.

ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರ ಬಂಡೆಗೆ ಹೊರಟಿದ್ದೆವು. ಅಪ್ಪ ಇದ್ದಕ್ಕಿದ್ದಂತೆ, “ಗುಲ್‌ಮೊಹರ್ ಏನ್ ಹೂ ಬಿಟ್ಟೈತಿ ನೋಡವಾ, ಬೆಂಕಿ ಹಚ್ಚಿದಂಗ,” ಎಂದರು. ಆ ಮರದ ಹೂವು ಬೇಸಿಗೆಯದು. ಬೇಸಿಗೆಯಲ್ಲಿ ಅದರ ಕೆಳಗೆ ನಡೆದರೆ ಪಕಳೆಗಳು ಚಪ್ಪಲಿಯ ಕೆಳಗೆ ಮೆತ್ತಗೆ ಜಾರುತ್ತವೆ. ಆ ದಿನ ನನ್ನ ಕಾಲಡಿಯಲ್ಲಿ ಒಣಗಿದ ಕಾಯಿ ಪಟಪಟ ಒಡೆಯುತ್ತಿತ್ತು.

“ಹೌದ್ರಿ ಅಪ್ಪಾ?” ಎಂದೆ.

“ಹೂಂ ಮತ್ತ. ಕೆಂಪಂದ್ರ ಕೆಂಪು.”

ಅಂದಿನಿಂದ ನಾನು ಅವರ ಮಾತನ್ನು ಬೇರೆ ರೀತಿ ಕೇಳತೊಡಗಿದೆ. ಅವರು ಈಗ ಹೇಳುತ್ತಿದ್ದುದು ಕಿವಿಗೆ ಬೀಳುವುದನ್ನು ಮಾತ್ರ. ಬಸ್ಸು ಬಂತು ಎನ್ನುವ ಮೊದಲೇ ನನಗೆ ಬಸ್ಸು ಕೇಳಿರುತ್ತಿತ್ತು. ಕಿವಿಗೆ ಬೀಳದ್ದು ಹೇಳಬೇಕಾದಾಗ ಹಳೆಯದನ್ನು ಹೇಳುತ್ತಿದ್ದರು. ಆ ಹದ್ದು ಮತ್ತೆ ಬಂತು. ಕನ್ನಡಿ ಬೀರು ಕಟ್ಟಿಕೊಂಡವನು ಮತ್ತೊಮ್ಮೆ ಬಂದ. ರಸ್ತೆಯಲ್ಲಿ ಅವರ ಹೆಜ್ಜೆ ನನ್ನ ಹೆಜ್ಜೆಯ ಹಾಗಾಗಿತ್ತು. ಮೊದಲು ಮುಂಗಾಲು, ಆಮೇಲೆ ಭಾರ. ಅದು ನನ್ನ ನಡಿಗೆ. ನನಗೆ ಅದನ್ನು ಕಲಿಸಿದವರೇ ಅವರು.

ಹೇಳಬೇಕಾದ ಮಾತನ್ನು ನಾನು ಸಿದ್ಧ ಮಾಡಿಕೊಂಡಿದ್ದೆ. “ಅಪ್ಪಾ, ನಾ ಮುಂದ ಇರತೀನಿ, ನನ್ನ ಭುಜ ಹಿಡಕೊಳ್ರಿ.” ಕಚೇರಿಯಲ್ಲಿ ಎರಡು ಕರೆಗಳ ನಡುವೆ ಇದನ್ನು ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡೆ. ಆದರೆ ಅವರ ಎದುರು ಹೇಳಲಿಲ್ಲ. ಅವರಿಗೆ ಅವಮಾನವಾದೀತೆಂದು ಸುಮ್ಮನಿದ್ದೆ ಎಂದು ಬರೆಯಬಹುದು. ಅದು ಅರ್ಧ ನಿಜ. ಉಳಿದರ್ಧ ಇದು: ಹೇಳಿದರೆ ಅವರು ಬರುವುದನ್ನು ನಿಲ್ಲಿಸುತ್ತಾರೆ, ಅವರು ನಿಲ್ಲಿಸಿದರೆ ನನ್ನ ಬಂಡೆಯೂ ನಿಲ್ಲುತ್ತದೆ. ವಾರದ ಆರು ದಿನ ಹೆಡ್‌ಫೋನು ಹಾಕಿಕೊಂಡು ಕೂರುವವಳಿಗೆ ಆ ಒಂದು ಬೆಳಗು ಬೇಕಾಗಿತ್ತು.

ಶಿವರಾತ್ರಿಯ ಮರುವಾರ. ಅಪ್ಪ ಹಿಂದಿನಿಂದ ಹತ್ತಿದರು, ಬಹಳ ಹೊತ್ತು ತೆಗೆದುಕೊಂಡರು. ಎರಡು ಸಲ ಊದಿದರು. ನಾನು ಹತ್ತಿ ಹೋಗಿ ಪಕ್ಕದಲ್ಲಿ ಕೂತೆ. ರೊಟ್ಟಿ, ಹಿಂಡಿಪಲ್ಯೆ ತಿಂದೆವು. ಪಲ್ಯೆಯಲ್ಲಿ ಬೆಳ್ಳುಳ್ಳಿ ಜಾಸ್ತಿಯಾಗಿದೆ ಎಂದು ಅವ್ವನನ್ನು ಆಡಿಕೊಂಡೆವು. ಬಿಸಿಲೇರಿದಾಗ ಅಪ್ಪ, “ನಾ ಮೊದಲು ಇಳಿತೀನಿ,” ಎಂದು ಎದ್ದರು.

ಹಿಂಬದಿಯಲ್ಲಿ ಅವರ ಕಾಲು ಮೊದಲ ಕಚ್ಚನ್ನು ಹುಡುಕುವುದು ಕೇಳಿಸಿತು. ಕಲ್ಲಿನ ಮೇಲೆ ಪಾದ ಸರಿದಾಡುವ ಸದ್ದು. ಒಮ್ಮೆ, ಮತ್ತೊಮ್ಮೆ. ಸ್ವಲ್ಪ ಹೊತ್ತು ನಿಂತಿತು. ಆ ಮಾತು ನನ್ನ ಬಾಯಿಯಲ್ಲೇ ಇತ್ತು. ನಾನು ಕೈಯಲ್ಲಿ ರೊಟ್ಟಿಯ ಬಟ್ಟೆ ಮಡಚುತ್ತ ಕೂತಿದ್ದೆ. ಮತ್ತೊಮ್ಮೆ ಸದ್ದು, ಆಮೇಲೆ ಪಾದವಲ್ಲದ ಸದ್ದು.

ಬಿದ್ದದ್ದು ಒಂದಾಳೆತ್ತರದಿಂದ ಅಷ್ಟೇ. ಸೊಂಟದ ಕೀಲು ಮುರಿದಿತ್ತು. ನಾನು ಬಂಡೆಯ ಮೇಲೆ ನಿಂತು ಕೂಗಿದೆ. ರಸ್ತೆಯಲ್ಲಿ ಹೋಗುತ್ತಿದ್ದವರು ಓಡಿ ಬಂದರು. ಯಾರೋ ಒಬ್ಬರು ನನಗೆ ತೆಲುಗಿನಲ್ಲಿ, “ನೀವು ಅಲ್ಲೇ ಇರಿ ಅಮ್ಮಾ, ಅಲ್ಲಾಡಬೇಡಿ,” ಎಂದರು. ಕೆಳಗಿನಿಂದ ಅಪ್ಪ ಹೇಳುತ್ತಿದ್ದರು: “ಆಕಿಗೇನೂ ಹೇಳಬ್ಯಾಡ್ರಿ, ಆಕಿಗೆ ಇಳಿಯಾಕ ಬರತೈತಿ.”

ಆಸ್ಪತ್ರೆಯಲ್ಲಿ ಮೂಳೆಗೆ ಆಪರೇಷನ್ ಮಾಡುವ ಮೊದಲು ಎಲ್ಲ ಪರೀಕ್ಷೆ ಮಾಡಿದರು. ಕಣ್ಣಿನ ಡಾಕ್ಟರು ಬಂದು ಬಹಳ ಹೊತ್ತು ನೋಡಿದರು. ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿದೆ, ಎರಡರಲ್ಲೂ ಬರೀ ಬೆಳಕು ನೆರಳು ಉಳಿದಿದೆ, ಒಂದು ವರ್ಷ ಮುಂಚೆ ಬಂದಿದ್ದರೆ ಲೇಸರಿನಿಂದ ಸ್ವಲ್ಪವಾದರೂ ಉಳಿಸಿಕೊಳ್ಳಬಹುದಿತ್ತು, ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ಅವ್ವ ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಆ ಡಾಕ್ಟರು ನನ್ನ ಕಡೆ ನೋಡಿರಬೇಕು. ಮುಂದೆ ಏನೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ವಾಕರ್ ಹಿಡಿದು ನಿಲ್ಲಲು ಕಲಿತರು. ಆಮೇಲೆ ಅದನ್ನು ಬಿಟ್ಟು ನನ್ನ ಭುಜ ಹಿಡಿದರು. ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ. ನಾನು ಮುಂದೆ, ಅವರು ಹಿಂದೆ. ಅವರ ಕೈ ಹಗುರವಾಗಿತ್ತು, ಬೆರಳು ಮಾತ್ರ ಬಿಗಿ. ಮೊದಲ ದಿನವೇ ನಗೆಯಾಡಿದರು:

“ಗಾರ್ಡಿನ ಡಬ್ಬಿ ಯಾವಾಗ್ಲೂ ಗಾಡಿ ಹಿಂದ ಇರತೈತಿ. ಇಷ್ಟ ವರ್ಷ ನಿನ್ನ ಮುಂದ ನಿಂತಿದ್ದ ತಪ್ಪು. ಈಗ ನನ್ನ ಜಾಗಕ್ಕ ಬಂದೆ ನೋಡು.”

“ಹಂಗಾದ್ರ ಸೀಟಿ ಊದ್ರಿ, ಹೊರಡೋಣು,” ಎಂದೆ.

ಒಂದು ಮಧ್ಯಾಹ್ನ ಅವ್ವ ಅಂಗಡಿಗೆ ಹೋಗಿದ್ದಳು. ಅಪ್ಪ ಮಂಚದ ಮೇಲಿದ್ದರು, ನಾನು ಕೆಳಗೆ ಕೂತು ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ.

“ನಿನಗ ಗೊತ್ತಿತ್ತೇನವಾ?”

“ಏನ್ರಿ?”

“ನನ್ನ ಕಣ್ಣಿಂದು.”

ಎಣ್ಣೆಯ ಬಟ್ಟಲು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಆದರೂ ಅದನ್ನು ಹುಡುಕುವವಳ ಹಾಗೆ ನೆಲ ಸವರಿದೆ. “ಇಲ್ಲರಿ ಅಪ್ಪಾ,” ಎಂದೆ.

ಅವರು ನಕ್ಕರು. ಬಹಳ ಸಮಾಧಾನದ ನಗೆ. “ಛಲೋ ಆತು ಬಿಡು. ನಿನ್ನ ಕಿವಿಗೂ ಸಿಗಲಿಲ್ಲ ಅಂದ್ರ ನಾ ಡ್ಯೂಟಿ ಸರಿ ಮಾಡೀನಿ ಅಂತಾತು.”

ಜೂನಿನಲ್ಲಿ ಮೊದಲ ಮಳೆ ಬಂದ ವಾರ ಅವರಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಮೂರು ದಿನ. ಬಹಳ ದಿನ ಮಲಗಿದವರಿಗೆ ಹೀಗಾಗುತ್ತದಂತೆ.

ಕರ್ಮಕ್ಕೆ ಬಂದ ನೆಂಟರು ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಮೆಲ್ಲಗೆ ಮಾತಾಡಿದರೆ ನನಗೆ ಕೇಳುವುದಿಲ್ಲ ಎಂದು ಕಣ್ಣಿದ್ದವರು ಯಾಕೋ ನಂಬುತ್ತಾರೆ. “ಆ ವಯಸ್ಸಿನಾಗ ಬಂಡಿ ಹತ್ತೂದು ಯಾಕ ಬೇಕಿತ್ತು?” “ಮಗಳ ಹಟ. ಆಕಿಗೆ ಎಲ್ಲಾದರಾಗೂ ಮುಂದ ಹೋಗೂ ಹುಚ್ಚು.” ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಗೊತ್ತಿದ್ದುದಕ್ಕಿಂತ ನನಗೆ ಹೆಚ್ಚು ಗೊತ್ತಿತ್ತು. ಡಬ್ಬಿಗಳ ರಬ್ಬರ್ ಬ್ಯಾಂಡುಗಳು ಅವರ ಕೈಯಲ್ಲಿ ಕಳಚಿ ಹೋಗಿದ್ದವು. ಅವರೆಲ್ಲ ಹೋದ ಮೇಲೆ ನಾನು ಒಂದೊಂದನ್ನೇ ಮೂಸಿ ನೋಡಿ ಮತ್ತೆ ಹಾಕಿದೆ.

ಅಲ್ಲಿಂದ ಕಚೇರಿ, ಮನೆ, ಕಚೇರಿ. ಈಜು ಬಿಟ್ಟೆ. ಉದ್ದ ಸೈಕಲ್ಲಿನ ಮೇಲೆ ಅವ್ವ ಹಳೆಯ ಚಾದರ ಹೊದಿಸಿದಳು. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತಿತ್ತು, ಭಾನುವಾರವೂ. ಹಾಸಿಗೆಯಲ್ಲಿ ಮಲಗಿ ಆ ಕಲ್ಲಿನ ಮೇಲೆ ಸರಿದಾಡಿದ ಪಾದದ ಸದ್ದು ಕೇಳುತ್ತಿದ್ದೆ. ಎಷ್ಟು ಸಲ ಸರಿದಾಡಿತು ಎಂದು ಲೆಕ್ಕ ಹಾಕುತ್ತಿದ್ದೆ. ಮೂರು. ಮೂರು ಸಲದಲ್ಲಿ ಒಂದು ಮಾತು ಹೇಳಲು ಬೇಕಾದಷ್ಟು ಸಮಯವಿತ್ತು.

ಹೋದ ವಾರ ಅವ್ವ ಅಪ್ಪನ ಅಂಗಿಗಳನ್ನು ಯಾರಿಗೋ ಕೊಡಲು ತೆಗೆದಳು. ಒಂದು ಜೇಬಿನಲ್ಲಿ ಸೀಟಿ ಸಿಕ್ಕಿತು. ತಂದು ನನ್ನ ಕೈಯಲ್ಲಿಟ್ಟಳು. ತಣ್ಣಗಿತ್ತು. ಅಲ್ಲಾಡಿಸಿದಾಗ ಒಳಗಿನ ಗುಂಡು ಕಿಟಕಿಟ ಎಂದಿತು. ಆಗ ನನ್ನ ಬಾಯಿಂದ ಬಂತು.

“ಅವ್ವಾ, ನನಗ ಗೊತ್ತಿತ್ತು. ಅಪ್ಪಗ ಕಣ್ಣು ಕಾಣವಲ್ದು ಅಂತ. ದೀಪಾವಳಿ ಮುಗದಾಗಿಂದ.”

ಅವ್ವ ಕೈಯಲ್ಲಿದ್ದ ಅಂಗಿ ಮಡಚಿ ಬದಿಗಿಟ್ಟಳು. ಆಮೇಲೆ, “ನನಗ ದಸರಾದಾಗ ಗೊತ್ತಾತು,” ಎಂದಳು.

ಒಂದು ದಿನ ಗಡಿಬಿಡಿಯಲ್ಲಿ ಅವಳು ಕುಂಕುಮ ಇಟ್ಟುಕೊಳ್ಳುವುದನ್ನು ಮರೆತಿದ್ದಳಂತೆ. ಅಪ್ಪ ಯಾವಾಗಲೂ ಅದನ್ನು ಹಿಡಿದು ಹೇಳುವವರು, ಆ ದಿನ ಏನೂ ಅನ್ನಲಿಲ್ಲ. ಮರುದಿನ ಅವಳು ಬೇಕೆಂದೇ ಇಟ್ಟುಕೊಳ್ಳಲಿಲ್ಲ. ಎದುರು ಕೂತು ಚಹಾ ಕೊಟ್ಟಳು. ಅಪ್ಪ ಅವಳ ಮುಖದ ಕಡೆ ತಿರುಗಿ, ಚಹಾ ಛಲೋ ಆಗೈತಿ ಎಂದರಂತೆ.

“ನೀ ಯಾಕ ಹೇಳಲಿಲ್ಲವಾ?” ಎಂದೆ.

“ಡಾಕ್ಟರ್ ಕಡೆ ಹೋಗೂಣು ನಡೀರಿ ಅಂತ ಎರಡು ಸಲ ಅಂದೆ, ಸಿಟ್ಟಿಗೆದ್ರು. ನಿನಗ ಹೇಳಿದ್ರ ನೀ ಹೋಗೂದ ಬಿಡ್ತಿದ್ದಿ. ನೀ ಬಿಟ್ರ ಅವರು ಯಾತಕ್ಕ ಹಾಸಿಗಿ ಬಿಟ್ಟು ಏಳಬೇಕು? ನಾ ಕುರ್ಚಿ, ಬಕೆಟ್ಟು ಸರಿಯಾಗಿ ಇಟ್ಕೊಂತ ಹೋದೆ. ಅದ ನನ್ನ ಕೈಲಿ ಆಗೂದಿತ್ತು.”

“ನಾ ಗೊತ್ತಿಲ್ಲ ಅಂತ ಅವರಿಗೆ ಸುಳ್ಳು ಹೇಳಿದೆ.”

“ಹೇಳಿದ್ದಿ. ನಾನೂ ಹೇಳೀನಿ. ಅವರೂ ಹೇಳ್ಯಾರ.” ಅವಳು ಮೂಗು ಒರೆಸಿಕೊಂಡಳು. “ಈಗ ಯಾರ ಮುಂದ ಹೋಗಿ ಖರೇ ಹೇಳೂದು?”

ಇದರಿಂದ ನನ್ನ ಎದೆ ಹಗುರವಾಯಿತು ಎಂದು ಹೇಳಲಾರೆ. ಒಬ್ಬಳೇ ಹೊತ್ತಿದ್ದನ್ನು ಇಬ್ಬರು ಹೊತ್ತೆವು, ತೂಕ ಅಷ್ಟೇ ಇತ್ತು. ಆದರೆ ಆ ಶನಿವಾರ ಸಂಜೆ ಅವ್ವ ಜೋಳದ ಹಿಟ್ಟಿನ ಡಬ್ಬಿ ತೆಗೆಯುತ್ತ, “ನಾಳೆ ಎಷ್ಟು ರೊಟ್ಟಿ ಕಟ್ಟಲಿ?” ಎಂದು ಕೇಳಿದಳು. ನನಗೆ ಅರ್ಥವಾಗಲಿಲ್ಲ. “ಬಂಡಿಗೆ. ನಾನೂ ಬರ್ತೀನಿ. ಇಷ್ಟು ವರ್ಷ ರೊಟ್ಟಿ ಕಟ್ಟಿ ಕಳಿಸೀನಿ, ಅದು ಹೆಂಗೈತಿ ಅಂತ ನೋಡೇ ಇಲ್ಲ.”

ಮೊನ್ನೆ ಭಾನುವಾರ ಹೋದೆವು. ಅವ್ವನ ಮೊಣಕಾಲು ನೋವಿನಿಂದ ಮೆಲ್ಲಗೆ ನಡೆದೆವು. ಗುಲ್‌ಮೊಹರ್ ಮರದ ಕೆಳಗೆ ನಾನು ನಿಂತೆ. “ಹೂ ಐತೇನವಾ?”

“ಇಲ್ಲ. ಎಲಿ ಸೈತ ಉದುರ್ಯಾವ. ಬರೀ ಕೋಲು.”

ಅವ್ವ ಇದ್ದುದನ್ನು ಇದ್ದ ಹಾಗೆ ಹೇಳುವವಳು.

ಬಂಡೆಯ ಬುಡದಲ್ಲಿ ನಾನು ಚಪ್ಪಲಿ ಬಿಟ್ಟೆ. ಅವ್ವ ಅದನ್ನು ತೆಗೆದು ಎಡಕ್ಕೆ, ಕಲ್ಲಿಗೆ ಒತ್ತಿ ಇಟ್ಟಳು. “ಇಷ್ಟು ಎತ್ತರ ಐತೇನ ಇದು! ಹುಚ್ಚಿ, ಅಪ್ಪ ಮಗಳು ಇಬ್ಬರೂ ಹುಚ್ಚರ,” ಎಂದಳು. ನಾನು ಸೀಟಿಯನ್ನು ಅವಳ ಕೈಯಲ್ಲಿಟ್ಟು ಬಿರುಕಿಗೆ ಬೆರಳು ಹಾಕಿದೆ. ಬೆರಳಿಗೆ ಜಾಗ ನೆನಪಿತ್ತು, ಕಾಲಿಗೂ ನೆನಪಿತ್ತು. ಮೇಲಿನಿಂದ ಸದ್ದಿರಲಿಲ್ಲ. ನಾನು ಆ ಬಂಡೆಯನ್ನು ಸದ್ದಿಲ್ಲದೆ ಹತ್ತಿದ್ದು ಅದೇ ಮೊದಲು. ಅರ್ಧ ದಾರಿಯಲ್ಲಿ ಒಂದೊಂದೇ ಬೆರಳು ಸರಿಸಿ ಹತ್ತತೊಡಗಿದೆ. ಮೇಲೆ ಹೋದರೆ ಆ ತಗ್ಗು ಇರುತ್ತದೆ, ಅದರಾಚೆಗೆ ಆ ಕಚ್ಚುಗಳಿರುತ್ತವೆ.

ಆಗ ಕೆಳಗಿನಿಂದ ಸೀಟಿ ಕೇಳಿಸಿತು. ಅರ್ಧ ಗಾಳಿ, ಅರ್ಧ ಉಗುಳು, ಕೊನೆಯಲ್ಲಿ ಸಣ್ಣಗೆ ಒಂದು ಸದ್ದು. ಒಂದೇ.

ಒಂದು ಅಂದರೆ ನಿಲ್ಲು. ನನ್ನ ಮೈ ತಾನಾಗಿಯೇ ನಿಂತುಬಿಟ್ಟಿತು. ಅವ್ವ ಆ ಸೀಟಿಯನ್ನು ಎಷ್ಟೋ ಸಲ ಕೇಳಿದ್ದಳು, ಆದರೆ ಅದರ ಲೆಕ್ಕ ಅವಳಿಗೆ ಗೊತ್ತಿರಲಿಲ್ಲ, ಅದು ನಮ್ಮಿಬ್ಬರದಾಗಿತ್ತು.

“ಅವ್ವಾ,” ಎಂದು ಕೂಗಿದೆ, “ಇನ್ನೊಂದು ಊದು! ಎರಡು ಊದಬೇಕು!”

“ತಡಿಯವಾ,” ಕೆಳಗಿನಿಂದ ಅವಳ ಏದುಸಿರು, “ಉಸಿರು ಸಾಲವಲ್ದು.”

ನಾನು ಕೆನ್ನೆಯನ್ನು ಕಲ್ಲಿಗೆ ಒತ್ತಿ ನಿಂತೆ. ಕಲ್ಲು ಬಿಸಿಲಿಗೆ ಬೆಚ್ಚಗಾಗುತ್ತಿತ್ತು. ಅವ್ವ ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು.